ಮೋಡಣ್ಣನ ಕಿಟಕಿ

ಆ ಕಿಟಕಿಯಲ್ಲಿ ಅಂಥಾದ್ದೇನೂ ಇರಲಿಲ್ಲ. ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಇನ್ನೊಂದು ಸರಿಯಾಗಿ ತೆರೆಯುತ್ತಿರಲಿಲ್ಲ. ಆದರೆ ಅದರ ಪಕ್ಕದ ಮೇಜಿನಲ್ಲಿ ಕೂತರೆ ಎದುರು ಕಟ್ಟಡದ ತಾರಸಿ ಕಾಣುತ್ತಿತ್ತು. ಅಲ್ಲಿ ಒಣಹಾಕಿದ ಬಿಳಿ ಬೆಡ್‌ಶೀಟುಗಳು ಗಾಳಿ ತುಂಬಿಕೊಂಡು ಉಬ್ಬುತ್ತಿದ್ದವು, ಮತ್ತೆ ಉಸಿರು ಬಿಟ್ಟು ಜೋಲುತ್ತಿದ್ದವು. ಅದರಾಚೆ ಗೂಡ್ಸ್ ರೈಲೊಂದು ಯಾವ ಊರಿನ ಅವಸರವೂ ಇಲ್ಲದೆ ತೆವಳುತ್ತಿತ್ತು. ಆ ಮೇಜಿನಲ್ಲಿ ವರ್ಷಾನುಗಟ್ಟಲೆ ಕೂತಿದ್ದ ಹಿರಿಯ ಮೇಡಂ ನಿವೃತ್ತರಾಗಿದ್ದೇ ತಡ, ಆಫೀಸಿನ ಕಣ್ಣೆಲ್ಲ ಅದರ ಮೇಲೆ ಬಿತ್ತು.

ಎಲ್ಲರಿಗಿಂತ ಆಸೆಯಿಂದ ಬಿದ್ದಿದ್ದು ಮೋಡಣ್ಣನ ಕಣ್ಣು. ಮನೆಯವರು ಇಟ್ಟ ಹೆಸರು ಬೇರೆ ಇತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಾಲು ನೆಲದ ಮೇಲೂ ತಲೆ ಎಲ್ಲೋ ಮೇಲೂ ಇರುವ ಮನುಷ್ಯನನ್ನು ಜೊತೆಯವರು ಇನ್ನೇನೆಂದು ಕರೆದಾರು? ಅವನ ಮೇಜು ಗೋಡೆಗೆ ಮುಖ ಮಾಡಿತ್ತು. ಗೋಡೆಯ ಮೇಲೆ ಬೆಂಕಿ ನಂದಿಸುವ ಕೆಂಪು ಸಿಲಿಂಡರು. ನೋಡಿ ನೋಡಿ ಅದರ ಮೇಲಿನ ಸೂಚನೆಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಸಿಲಿಂಡರನ್ನು ದಿಟ್ಟಿಸುತ್ತ ಹಗಲುಗನಸು ಕಾಣುವುದೆಂದರೆ ಸುಮ್ಮನೆ ಮಾತಲ್ಲ.

ಎಡಗಡೆ ಒಂದು ಇಕ್ಕಟ್ಟಾದ ಕೋಣೆ. ಪೊರಕೆ, ಕೈ ಮುರಿದ ಕುರ್ಚಿ, ಹಳೇ ಕ್ಯಾಲೆಂಡರುಗಳ ಜೊತೆ ಆಫೀಸಿನ ದೊಡ್ಡ ಕಂಪ್ಯೂಟರನ್ನೂ ಅದರೊಳಗೆ ತುರುಕಿದ್ದರು. ಬಲ್ಬು ಸತ್ತು ಯಾವ ಕಾಲವಾಗಿತ್ತೋ. ಆ ಕಂಪ್ಯೂಟರಿನ ಫ್ಯಾನು ಶಿಳ್ಳೆ ಹೊಡೆದು ಹೊಡೆದು ಮೊದಲೆಲ್ಲ ಮೋಡಣ್ಣನ ಕನಸಿಗೆ ಕಲ್ಲು ಹಾಕುತ್ತಿತ್ತು. ಈಚೆಗೆ ಯಾಕೋ ಆ ಶಿಳ್ಳೆ ತಗ್ಗಿತ್ತು. ಅಷ್ಟರಮಟ್ಟಿಗೆ ಅವನ ಬದುಕು ಹಗುರಾಗಿತ್ತು.

ಆಫೀಸಿನ ಕೆಲಸವೆಂದರೆ ಲಿಫ್ಟುಗಳನ್ನು ನಡೆಸುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಮಾಡುವುದು. ಅದರೊಳಗಿನ ಯಜಮಾನನಿಗೆ ಕರ್ನಲ್ ಎನ್ನುತ್ತಾರೆ. ಯಾರು ಮೊದಲು, ಯಾರು ಆಮೇಲೆ ಅಂತ ಹೇಳುವವನು ಅವನೇ. ಈ ಕರ್ನಲ್ಲನ್ನು ತಮ್ಮದೇ ಕಟ್ಟಡದ ಲಿಫ್ಟಿಗೆ ಹಾಕಿಸಿಕೊಳ್ಳುವ ಧೈರ್ಯ ಮಾತ್ರ ಅಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು.

ಹೋದ ವಾರದಿಂದ ಆ ಕರ್ನಲ್ ಹುಟ್ಟಲು ಒಪ್ಪುತ್ತಿರಲಿಲ್ಲ. ಅದರ ಪ್ರೋಗ್ರಾಮಿನ ಸಾವಿರಾರು ಚೂರುಗಳು ಒಂದೊಂದಾಗಿ ಸರಿಯಾಗಿ ತಯಾರಾಗುತ್ತಿದ್ದವು. ಕೊನೆಗೆ ಅವನ್ನೆಲ್ಲ ಕೂಡಿಸಲು ಲಿಂಕರ್ ಅನ್ನುವವನು ಬರಬೇಕು, ಅವನೂ ಒಂದು ಪ್ರೋಗ್ರಾಮೇ. ಬಂದವನು ಕೆಲಸದ ನಡುವೆ ದಪ್ಪನೆ ಬಿದ್ದು ಸಾಯುತ್ತಿದ್ದ. ಇದನ್ನು ಮೋಡಣ್ಣ ಹೆಂಡತಿಗೆ ಊಟದ ಹೊತ್ತಿನಲ್ಲಿ ವಿವರಿಸಿದ್ದ. ನೀನು ಸ್ವೆಟರಿಗೆ ಎದೆ, ಬೆನ್ನು, ತೋಳು ಬೇರೆ ಬೇರೆ ಹೆಣೆದು ಕೊನೆಗೆ ಕೂಡಿಸಿ ಹೊಲಿತೀಯಲ್ಲ, ಆ ಹೊಲಿಯೋನೇ ಲಿಂಕರ್ ಅಂದಿದ್ದ. ಅವಳು ಒಂದು ನಿಮಿಷ ಯೋಚಿಸಿ, "ನಾನು ಕೂಡಿಸೋವಾಗ ಯಾವತ್ತೂ ಸತ್ತು ಬಿದ್ದಿಲ್ಲ," ಅಂದಳು. ಆಮೇಲೆ, ಚಳಿಗಾಲ ಪೂರ್ತಿ ಕಣ್ಣು ನೋಯಿಸಿಕೊಂಡು ಹೆಣೆದ ಸ್ವೆಟರು ಎಲ್ಲಿ, ಯಾಕೆ ಹಾಕಿಕೊಳ್ಳುತ್ತಿಲ್ಲ ಅಂತ ಕೇಳಿದಳು. ಆಫೀಸಿನ ಕುರ್ಚಿಯ ಮೇಲಿದೆ ಅಂತ ಅವನು ಅಂದ. ಆ ಸ್ವೆಟರು ಮೈಗೆ ಚುಚ್ಚುತ್ತಿತ್ತು, ತೋಳುಗಳು ಬೆರಳು ದಾಟಿ ಬರುತ್ತಿದ್ದವು. ಬೀದಿ ತಿರುವಿನವರೆಗೆ ಹಾಕಿಕೊಂಡು ಆಮೇಲೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು ಅವನ ರೂಢಿ. ಈ ಸತ್ಯ ಹೇಳುವಷ್ಟು ಗುಂಡಿಗೆ ಅವನಿಗಿರಲಿಲ್ಲ.

ಆ ದಿನ ಬೆಳಿಗ್ಗೆ ಮ್ಯಾನೇಜರು ಎಲ್ಲರ ಎದುರೇ ಹೇಳಿಬಿಟ್ಟರು. "ಮೋಡಣ್ಣ, ಇವತ್ತು ಆಫೀಸ್ ಮುಚ್ಚೋದ್ರೊಳಗೆ ಕರ್ನಲ್ ಆಗ್ಬೇಕು. ಆಯ್ತು ಅಂದ್ರೆ ಆ ಕಿಟಕಿ ನಿಮ್ಗೆ ಬಹುಮಾನ ಅಂತ ತಿಳ್ಕೊಳಿ. ಆಗ್ಲಿಲ್ಲ ಅಂದ್ರೆ ನಂಗೊತ್ತಪ್ಪಂಗೆ."

ನಂಗೊತ್ತಪ್ಪ ಅಂದರೆ ಪಕ್ಕದ ಸಾಲಿನವನು. ಯಾರು ಏನು ಹೇಳಲು ಬಾಯಿ ತೆರೆದರೂ 'ನಂಗೊತ್ತು' ಅಂತ ಮೊದಲು ಹೇಳಿ, ವಿಷಯ ಏನಂತ ಆಮೇಲೆ ಕೇಳುವ ಪೈಕಿ. ಅವನು ಆಗಲೇ ಹೋಗಿ ಕಿಟಕಿಯ ಮೇಜಿನ ಧೂಳು ಒರೆಸಿದ.

ಮೋಡಣ್ಣನಿಗೆ ಮಾತ್ರ ಆ ಮಾತು ಕೇಳಿದ್ದೇ ಕಿಟಕಿ ಸಿಕ್ಕಿಬಿಟ್ಟಷ್ಟು ಸಂತೋಷವಾಯಿತು. ಅವನ ಕನಸಿಗೆ ನಡುವಿನ ಮೆಟ್ಟಿಲುಗಳು ಕಾಣುವುದೇ ಇಲ್ಲ, ಸೀದಾ ಮಾಳಿಗೆಯಲ್ಲೇ ಇರುತ್ತದೆ. ಡ್ರಾಯರು ಖಾಲಿ ಮಾಡಿದ. ಲೋಟವನ್ನೂ ಒಂದು ಪುಟ್ಟ ಹೂಕುಂಡವನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟ. ಸಾಲದ್ದಕ್ಕೆ, ಕರ್ನಲ್ಲನ್ನು ಪುಟ್ಟ ಮಾದರಿ ಲಿಫ್ಟಿನಲ್ಲಿ ಪರೀಕ್ಷಿಸುವ, ಜಾಗವಿಲ್ಲ ಜಾಗವಿಲ್ಲ ಅಂತ ಸದಾ ಗೊಣಗುತ್ತಿದ್ದ ಟೆಸ್ಟಿಂಗ್ ಅಕ್ಕನನ್ನು ಕರೆದು, ನನ್ನ ಹಳೇ ಮೇಜು ನೀವೇ ಇಟ್ಕೊಳಿ ಅಕ್ಕ ಅಂತ ದಾನ ಮಾಡಿದ. ಅಕ್ಕ ಎರಡನೇ ಸಲ ಕೇಳಲಿಲ್ಲ. ಅವನು ತಿರುಗಿ ನೋಡುವಷ್ಟರಲ್ಲಿ ಲಿಫ್ಟಿನ ಗುಂಡಿಗಳು, ವೈರುಗಳು, ಗಂಟೆಗಳು ಮೇಜಿನ ತುಂಬ ಸಂಸಾರ ಹೂಡಿದ್ದವು.

ಹೀಗೆ ಕಿಟಕಿಯ ಪಕ್ಕ ನಿಂತುಕೊಂಡೇ ಬಿಲ್ಡ್, ಅಂದರೆ ಕರ್ನಲ್ ಕಟ್ಟುವ ಕೆಲಸ, ಶುರುಮಾಡಿದ. ಚೂರುಗಳು ತಯಾರಾಗುತ್ತ ಹೋದವು. ಬೆಡ್‌ಶೀಟುಗಳು ಉಬ್ಬಿದವು, ಇಳಿದವು. ಅವನು ಅವುಗಳಲ್ಲಿ ಒಂದರ ಮೇಲೆ ಕೂತು ರೈಲಿನ ಮೇಲೆ ಹಾರುತ್ತಿದ್ದಾಗ ಲಿಂಕರ್ ಬಂದ, ಬಿದ್ದ, ಸತ್ತ. ತೆರೆಯ ಮೇಲೆ ಸೆಗ್ಮೆಂಟೇಶನ್ ಫಾಲ್ಟ್ ಅಂತ ಎರಡೇ ಪದ. ಸತ್ತವನು ಒಂದು ಮಾತು ಹೆಚ್ಚಿಗೆ ಹೇಳಿ ಹೋಗಬಾರದೇ ಅನ್ನಿಸಿತು ಮೋಡಣ್ಣನಿಗೆ.

ಸುದ್ದಿ ಹರಡಲು ಎಷ್ಟು ಹೊತ್ತು? ನಂಗೊತ್ತಪ್ಪ ಬಂದು, ನಂಗೊತ್ತು, ಲಿಂಕರ್ ಹಳೇದಾಗಿದೆ, ಹೊಸಾದು ಹಾಕಿ ಅಂದ. ಹೊಸ ಲಿಂಕರ್ ಬಂದ. ಅವನಿಗೆ ಹಳೆಯ ಚೂರುಗಳ ಗುರುತೇ ಹತ್ತಲಿಲ್ಲ, ಮದುವೆ ಮನೆಗೆ ದಾರಿ ತಪ್ಪಿ ಬಂದವನ ಹಾಗೆ ಪ್ರತಿಯೊಂದನ್ನೂ ನೀವ್ಯಾರು ನೀವ್ಯಾರು ಅಂತ ಕೇಳಿದ. ಮತ್ತೆ ಹಳಬನನ್ನೇ ಕಾಲು ಹಿಡಿದು ಕರೆತಂದರು. ಹಳಬ ಬಂದ, ಈ ಸಲ ಇನ್ನೂ ಬೇಗ ಸತ್ತ.

ಟೆಸ್ಟಿಂಗ್ ಅಕ್ಕನ ಲೆಕ್ಕಾಚಾರವೇ ಬೇರೆ. ತಾನು ಗಮನಿಸಿದ ಪ್ರಕಾರ ಮೋಡಣ್ಣ ನೋಡುತ್ತಿದ್ದಾಗಲೇ ಅದು ಸಾಯುವುದು, ಅವನು ಬೇರೆ ಕಡೆ ನೋಡಬೇಕು ಅಂದಳು. ಬೇರೆ ಕಡೆ ನೋಡುವುದರಲ್ಲಿ ಮೋಡಣ್ಣನನ್ನು ಮೀರಿಸುವವರುಂಟೇ? ರೈಲು ಕಣ್ಣಿಂದ ಮರೆಯಾಗುವವರೆಗೂ ನೋಡಿದ. ಅವನು ನೋಡದಿದ್ದರೂ ಲಿಂಕರ್ ಸತ್ತ. ಅಷ್ಟರಲ್ಲಿ ನಂಗೊತ್ತಪ್ಪ, ಸಹಾಯ ಮಾಡುವ ಹುರುಪಿನಲ್ಲಿ, ಹಳೇ ಕೊಳೆಯೆಲ್ಲ ಹೋಗಲಿ ಅಂತ ತಯಾರಾಗಿದ್ದ ಚೂರುಗಳಷ್ಟನ್ನೂ ಅಳಿಸಿಹಾಕಿದ. ಮತ್ತೆ ಮೊದಲಿಂದ ಶುರು. ಮ್ಯಾನೇಜರು ಆಗಾಗ ಹಿಂದೆ ಬಂದು ನಿಂತು, ಎಷ್ಟು ಪರ್ಸೆಂಟ್ ಅಂತ ಕೇಳಿ, ಉತ್ತರ ಕೇಳಿಸಿಕೊಳ್ಳದೆ ಹೋಗುತ್ತಿದ್ದರು. ಮೋಡಣ್ಣನಿಗೆ ತಲೆ ಚಿಟ್ಟು ಹಿಡಿಯಿತು.

ಈ ಗದ್ದಲದ ನಡುವೆ ಹೆಂಡತಿಯ ಫೋನು. ಅವಳ ಅಕ್ಕ ಸಂಜೆ ಮನೆಗೆ ಬರುತ್ತಾಳಂತೆ, ಹೆಣಿಗೆಯ ಮಾದರಿ ನೋಡಬೇಕಂತೆ.

"ಸ್ವೆಟರ್ ತರೋದು ಮರೀಬೇಡಿ ರೀ. ಕುರ್ಚಿ ಮೇಲಿದೆ ತಾನೇ?"

ಮೋಡಣ್ಣ ಕುರ್ಚಿಯ ಕಡೆ ನೋಡಿದ. ಅಲ್ಲಿ ಸ್ವೆಟರಿರಲಿಲ್ಲ, ಟೆಸ್ಟಿಂಗ್ ಅಕ್ಕ ಇದ್ದಳು. "ಇದೆ ಇದೆ," ಅಂದ. ಕೊನೆಯ ಸಲ ಅದನ್ನು ನೋಡಿದ್ದೆಲ್ಲಿ ಅಂತ ನೆನಪಿಸಿಕೊಳ್ಳಲು ಹೋದರೆ ಬೆಡ್‌ಶೀಟುಗಳೇ ಕಣ್ಮುಂದೆ ಬಂದವು. ಒಂದು ದಿನಕ್ಕೆ ಒಂದು ತಾಪತ್ರಯ ಸಾಕು, ಇದನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟ.

ಮಧ್ಯಾಹ್ನ ಕಳೆಯಿತು. ತಾರಸಿಯ ಮೇಲೆ ಯಾರೋ ಬಂದು ಬೆಡ್‌ಶೀಟುಗಳನ್ನು ಒಂದೊಂದಾಗಿ ಮಡಚತೊಡಗಿದರು. ತನ್ನ ಆಸೆಯನ್ನೇ ಮಡಚುತ್ತಿದ್ದಾರೆ ಅನ್ನಿಸಿ ಮೋಡಣ್ಣನಿಗೆ ಅಳು ಬರುವ ಹಾಗಾಯಿತು. ನಂಗೊತ್ತಪ್ಪ ಆಗಲೇ ತನ್ನ ಚಪ್ಪಲಿ ತಂದು ಕಿಟಕಿಯ ಮೇಜಿನ ಕೆಳಗೆ ಬಿಟ್ಟಿದ್ದ. ಯಾರ ಮುಖವೂ ನೋಡುವುದು ಬೇಡವಾಗಿ, ಮೋಡಣ್ಣ ಕಂಪ್ಯೂಟರಿದ್ದ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ.

ಒಳಗೆ ಕತ್ತಲೆ. ಬೆಚ್ಚಗಿತ್ತು. ಕೈ ಮುರಿದ ಕುರ್ಚಿಯಲ್ಲಿ ಕೂತು ಕಂಪ್ಯೂಟರಿಗೆ ಕೆನ್ನೆ ಆನಿಸಿದ. ಅರೆನಿದ್ದೆ ಬಂತು. ಕನಸಿನಲ್ಲಿ ಲಿಂಕರ್ ಒಬ್ಬ ಮುದುಕ ದರ್ಜಿಯಾಗಿ ಬಂದು ನೆಲದ ಮೇಲೆ ಕೂತಿದ್ದ. ಸುತ್ತಲೂ ತೋಳು, ಎದೆ, ಬೆನ್ನಿನ ರಾಶಿ. ಸೂಜಿಗೆ ದಾರ ಪೋಣಿಸುತ್ತಿದ್ದ, ಪೋಣಿಸುತ್ತಿದ್ದ, ಹಣೆಯ ಬೆವರು ಕಣ್ಣಿಗಿಳಿದು ದಾರ ತಪ್ಪಿಹೋಗುತ್ತಿತ್ತು. "ಎಲ್ಲಿ ತಪ್ಪುತ್ತೆ ಅಂತ ನಂಗೂ ಗೊತ್ತಾಗ್ತಿಲ್ಲಪ್ಪ," ಅಂದ ದರ್ಜಿ. "ಒಂದೊಂದ್ಸಲ ಒಂದೊಂದು ಕಡೆ."

ಮೋಡಣ್ಣ ದಡಕ್ಕನೆ ಎದ್ದ. ಕೆನ್ನೆ ಉರಿಯುತ್ತಿತ್ತು. ಹೌದಲ್ಲ, ಒಂದೊಂದು ಸಲ ಒಂದೊಂದು ಕಡೆ! ಬರೆದಿದ್ದರಲ್ಲಿ ತಪ್ಪಿದ್ದರೆ ಲಿಂಕರ್ ಪ್ರತಿ ಸಲ ಅದೇ ಗುಂಡಿಗೆ ಬೀಳಬೇಕಿತ್ತು. ಹೀಗೆ ಕಂಡಕಂಡಲ್ಲಿ ಬೀಳುವವನಿಗೆ ದಾರಿ ಸರಿಯಿಲ್ಲ ಅಂತಲ್ಲ, ಮೈಯೇ ಸರಿಯಿಲ್ಲ ಅಂತ ಅರ್ಥ. ಕಂಪ್ಯೂಟರಿಗೆ ಜ್ವರ ಬಂದಿತ್ತು. ಚೂರುಗಳನ್ನೆಲ್ಲ ಮಾಡಿ ಮಾಡಿ ಅದು ಕಾದು ಕೆಂಡವಾದ ಹೊತ್ತಿಗೆ ಸರಿಯಾಗಿ ಲಿಂಕರ್ ಬರುತ್ತಿದ್ದ. ಅಷ್ಟೂ ಚೂರುಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳಬೇಕಾದವನು ಅವನು. ಜ್ವರದ ತಲೆಯಲ್ಲಿ ನೆನಪು ನಿಲ್ಲುವುದುಂಟೇ?

ಬಾಗಿಲು ತೆರೆದು ಹೊರಬಂದವನೇ, ಇದಕ್ಕೆ ಗಾಳಿ ಬೇಕು, ಕಿಟಕಿಯ ಹತ್ತಿರ ಒಯ್ಯೋಣ ಅಂದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನಂಗೊತ್ತಪ್ಪ ಕೂಡ 'ನಂಗೊತ್ತು' ಅನ್ನುವುದನ್ನು ಮರೆತ. ಎಲ್ಲರೂ ಸೇರಿ ಕಂಪ್ಯೂಟರನ್ನು ಗೋಡೆಯ ಪಕ್ಕದಿಂದ ಮುಂದಕ್ಕೆಳೆದು, ಏದುಸಿರು ಬಿಡುತ್ತ ಹೊತ್ತು ತಂದು ಕಿಟಕಿಯ ಮೇಜಿನ ಮೇಲೆ ಕೂರಿಸಿದರು. ಹೂಕುಂಡ ಒಂದು ಮೂಲೆಗೆ ಹೋಯಿತು. ಮುಚ್ಚದ ಬಾಗಿಲಿನಿಂದ ತಣ್ಣನೆ ಗಾಳಿ ಬಂತು. ಫ್ಯಾನು ಮತ್ತೆ ಹಳೆಯ ಶಿಳ್ಳೆ ಹೊಡೆಯಿತು.

ಚೂರುಗಳು ಮುಗಿದವು. ಲಿಂಕರ್ ಬಂದ. ಲಿಂಕರ್ ಒಂದೊಂದನ್ನೇ ಕೂಡಿಸಿದ, ಬೀಳಲಿಲ್ಲ, ಕೊನೆಯ ಹೊಲಿಗೆಯನ್ನೂ ಹಾಕಿ ಸದ್ದಿಲ್ಲದೆ ಎದ್ದು ಹೋದ. ಕರ್ನಲ್ ಹುಟ್ಟಿತು. ಮೋಡಣ್ಣನ ಹಳೇ ಮೇಜಿನ ಮೇಲೆ ಟೆಸ್ಟಿಂಗ್ ಅಕ್ಕನ ಪುಟ್ಟ ಲಿಫ್ಟಿನ ಗಂಟೆ ಟಿಂಗ್ ಅಂದಿತು. ಮೋಡಣ್ಣನಿಗೆ ಕಣ್ಣು ತುಂಬಿ ಬಂತು. ಎದುರಿನ ತಾರಸಿಯಲ್ಲಿ ಒಂದು ಬೆಡ್‌ಶೀಟು ಇನ್ನೂ ಉಳಿದಿತ್ತು.

ಮ್ಯಾನೇಜರು ಅವನ ಬೆನ್ನು ತಟ್ಟಿದರು. ಹಾಗೇ ಕಂಪ್ಯೂಟರಿನ ಬೆನ್ನನ್ನೂ ತಟ್ಟಿದರು.

"ತುಂಬಾ ಚೆನ್ನಾಗಿ ಕಂಡುಹಿಡಿದ್ರಿ ಮೋಡಣ್ಣ. ಇನ್ಮೇಲೆ ಇದು ಇಲ್ಲೇ ಇರ್ಲಿ."

"ಇಲ್ಲೇ ಅಂದ್ರೆ, ಸಾರ್..."

"ಕಿಟಕಿ ಹತ್ರ. ನೀವೇ ಹೇಳಿದ್ರಲ್ಲ, ಅದಕ್ಕೆ ಗಾಳಿ ಬೇಕು ಅಂತ."

ಮೋಡಣ್ಣ ಹೂಕುಂಡ ಎತ್ತಿಕೊಂಡ. ಹಾಗಾದರೆ ತಾನು ಹಳೇ ಮೇಜಿಗೇ ಹೋಗುತ್ತೇನೆ ಅಂತ ತಿರುಗಿದ. ಟೆಸ್ಟಿಂಗ್ ಅಕ್ಕ ಎರಡೂ ಕೈ ಚಾಚಿ ವೈರುಗಳನ್ನು ತಬ್ಬಿಕೊಂಡು, ಕೊಟ್ಟಿದ್ದನ್ನ ವಾಪಸ್ ಕೇಳ್ಬಾರ್ದು ಮೋಡಣ್ಣ ಅಂದಳು. ಮ್ಯಾನೇಜರು ಆಚೀಚೆ ನೋಡಿದರು. ಅವರ ಮುಖ ಬೆಳಗಿತು.

"ಅರೆ, ಆ ಕೋಣೆ ಈಗ ಖಾಲಿ ಆಯ್ತಲ್ಲ. ನಿಮ್ಗೂ ನಿಮ್ಮ ಪಾಡಿಗೆ ಇರೋದು ಇಷ್ಟ. ಬಲ್ಬು ಹಾಕಿಸ್ತೀನಿ ಬಿಡಿ."

ಹೂಕುಂಡ ಕೈಯಲ್ಲಿ ಹಿಡಿದು ಮೋಡಣ್ಣ ಆ ಕೋಣೆಗೆ ಹೋದ. ಬಿಸಿ ಕಂಪ್ಯೂಟರು ಹೋಗಿದ್ದೇ ಅದು ಬಾವಿಯ ತಳದ ಹಾಗೆ ತಣ್ಣಗಾಗಿತ್ತು. ಹೂಕುಂಡ ಇಡಲು ಕತ್ತಲೆಯಲ್ಲಿ ಜಾಗ ತಡಕುವಾಗ, ಕಂಪ್ಯೂಟರು ಒರಗಿದ್ದ ಗೋಡೆಯ ಬುಡದಲ್ಲಿ ಏನೋ ಮೆತ್ತಗೆ ಕೈಗೆ ಸಿಕ್ಕಿತು. ಬೆಚ್ಚಗಿತ್ತು. ಬೆರಳಿಗೆ ಚುಚ್ಚಿತು.

ಆಗ ನೆನಪಾಯಿತು. ಹೋದ ವಾರ ಒಂದು ಮಧ್ಯಾಹ್ನ ಶಿಳ್ಳೆ ತಡೆಯಲಾರದೆ, ಅರ್ಧ ನಿದ್ದೆಯಲ್ಲಿ ಎದ್ದು ಬಂದು, ಸ್ವಲ್ಪ ಸುಮ್ಮನಿರಪ್ಪ ಅಂತ ಮಗುವಿಗೆ ಹೊದಿಸುವ ಹಾಗೆ ಕಂಪ್ಯೂಟರಿನ ಬೆನ್ನಿಗೆ ಸ್ವೆಟರನ್ನು ಬಿಗಿಯಾಗಿ ತುರುಕಿದ್ದ. ಬಿಸಿಗಾಳಿ ಹೊರಗೆ ಬರುವ ತೂತುಗಳೆಲ್ಲ ಇದ್ದದ್ದು ಆ ಬೆನ್ನಿನಲ್ಲೇ. ಕೋಣೆಯದೇನೂ ತಪ್ಪಿರಲಿಲ್ಲ. ಕಂಪ್ಯೂಟರಿಗೆ ಕಿಟಕಿಯ ಅಗತ್ಯವೂ ಇರಲಿಲ್ಲ.

ಈಗಲೇ ಓಡಿಹೋಗಿ ಹೇಳಿದರೆ ಕಂಪ್ಯೂಟರು ಇಲ್ಲಿಗೆ ವಾಪಸ್ಸು, ಕಿಟಕಿ ತನಗೆ. ಎರಡು ಹೆಜ್ಜೆ ಇಟ್ಟ. ಆಚೆ ಮ್ಯಾನೇಜರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ಒಂದು ವಾರದ ನಷ್ಟಕ್ಕೆ ಕಾರಣ ಏನಂತ ನಮ್ಮ ಹುಡುಗರೇ ಪತ್ತೆಹಚ್ಚಿದರು ಅಂತ. ಮೋಡಣ್ಣ ಕೈಯಲ್ಲಿದ್ದ ಕಾರಣವನ್ನು ಒಮ್ಮೆ ನೋಡಿದ. ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಚಳಿ ಮೈಗಿಳಿಯುತ್ತಿತ್ತು, ಸ್ವೆಟರನ್ನು ತಲೆಯ ಮೇಲಿಂದ ಎಳೆದುಕೊಂಡ.

ಮನೆಗೆ ಬಂದಾಗ ಹೆಂಡತಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮುಂದೆ ಹಿಂದೆ ತಿರುಗಿಸಿ ಅಕ್ಕನಿಗೆ ತೋರಿಸಿದಳು. ಬೀದಿ ತಿರುವಿನ ಆಚೆಯಿಂದಲೇ ಅವನು ಅದನ್ನು ಹಾಕಿಕೊಂಡು ಬಂದಿದ್ದನ್ನು ಮಹಡಿಯಿಂದ ನೋಡಿದ್ದಳಂತೆ. ಅವಳ ಮುಖ ಹಿಗ್ಗಿನಿಂದ ಅರಳಿತ್ತು.

"ನಾಳೆನೂ ಹಾಕ್ಕೊಂಡು ಹೋಗ್ತೀರಾ?"

"ದಿನಾ ಹಾಕ್ಕೋತೀನಿ," ಅಂದ ಮೋಡಣ್ಣ ತೋಳು ಕೆರೆದುಕೊಳ್ಳುತ್ತ.