ಮೊದಲ ಮೂರು ಸೆಕೆಂಡು

ಮೂರೇ ಸೆಕೆಂಡಿನಲ್ಲಿ ಮಾನ ಹೋಗುವಂಥ ಕೆಲಸ ನನ್ನದು. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ಆಗುತ್ತಲೇ ಇರುತ್ತವೆ.

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಲಗ್ನಪತ್ರಿಕೆ ಬರೆದವನು ನಾನು. ಜನ ಫೋನಿನಲ್ಲೇ ಮದುವೆಗೆ ಕರೆಯಲು ಶುರು ಮಾಡಿದರು, ಪ್ರೆಸ್ಸು ಮುಚ್ಚಿತು. ಐವತ್ತೆರಡನೆಯ ವಯಸ್ಸಿನಲ್ಲಿ, ಅಂಗಡಿಯವರ ರೀಲ್ಸಿಗೆ ಮೊದಲ ಸಾಲು ಬರೆದುಕೊಡುವ ಕಚೇರಿಯೊಂದಕ್ಕೆ ಸೇರಿಕೊಂಡೆ. ಮಾಲೀಕರು ನನ್ನ ಮಗಳ ವಯಸ್ಸಿನ ಮೇಡಂ. “ಜನ ಹೆಬ್ಬೆರಳಲ್ಲಿ ಸರಿಸ್ತಾನೇ ಇರ್ತಾರೆ ಸರ್. ಮೂರು ಸೆಕೆಂಡಲ್ಲಿ ಆ ಬೆರಳು ನಿಲ್ಬೇಕು, ಅಷ್ಟೇ” ಎಂದರು. ಮೂರು ತಿಂಗಳು ನೋಡುವುದು, ಬೆರಳು ನಿಂತರೆ ಕೆಲಸ ಖಾಯಂ, ಇಲ್ಲದಿದ್ದರೆ ನಾನು ಮನೆಗೆ. ಊರಿನಲ್ಲಿ ಇನ್ನೊಂದು ಪ್ರೆಸ್ಸೇನೂ ನನಗಾಗಿ ಕಾದು ಕೂತಿರಲಿಲ್ಲ. ಒಳಗೊಳಗೆ ಹೆದರಿಕೆಯಿತ್ತು.

೧. ಸಕುಟುಂಬ ಪರಿವಾರ ಸಮೇತ

ಮೊದಲು ಸಿಕ್ಕಿದ್ದು ದಟ್ಟಗಳ್ಳಿಯ ಒಂದು ಹೊಸ ಜಿಮ್ಮು. ಕೈಗೆ ಅಂಟಿದ ಅಭ್ಯಾಸ, ಪೆನ್ನು ತಾನಾಗಿಯೇ ಓಡಿತು. ‘ದಟ್ಟಗಳ್ಳಿಯ ಸಮಸ್ತ ಬಂಧುಮಿತ್ರರು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ, ನಮ್ಮ ಆತಿಥ್ಯವನ್ನು ಸ್ವೀಕರಿಸಿ, ತಮ್ಮ ತಮ್ಮ ತೂಕವನ್ನು ಇಳಿಸಿಕೊಳ್ಳಬೇಕಾಗಿ ವಿನಂತಿ.’ ಓದಿ ನೋಡಿದೆ, ಎಲ್ಲೂ ಮರ್ಯಾದೆಗೆ ಕೊರತೆಯಿರಲಿಲ್ಲ. ಮೇಡಂ ಆ ಹೊತ್ತಿಗೆ ಮಂಡಕಳ್ಳಿಯಲ್ಲಿ ವಿಮಾನ ಹತ್ತುತ್ತಿದ್ದರು. ತಿದ್ದುವವರಿಲ್ಲದೆ ಸಾಲು ಹಾಗೆಯೇ ಹೋಯಿತು.

ಭಾನುವಾರ ಬೆಳಿಗ್ಗೆ ಹನ್ನೊಂದು ಜನರ ಒಂದು ಸಂಸಾರ ಜಿಮ್ಮಿಗೆ ಬಂದಿಳಿಯಿತು. ಹೆಂಗಸರೆಲ್ಲ ರೇಷ್ಮೆ ಸೀರೆ, ಮನೆಯ ಯಜಮಾನರ ಕೈಯಲ್ಲಿ ಮುಯ್ಯಿ ಕವರು. ಏನು ಮಾಡಬೇಕೆಂದು ತೋಚದ ಟ್ರೈನರ್, ಅಜ್ಜಿಯನ್ನು ಕುರ್ಚಿ ಹಾಕಿ ಕೂರಿಸಿ, ಉಳಿದವರಿಗೆ ಒಂದೊಂದೇ ಯಂತ್ರ ತೋರಿಸಿದ. ಯಜಮಾನರು ಎಲ್ಲವನ್ನೂ ಸಾವಧಾನವಾಗಿ ನೋಡಿ, ಕೊನೆಗೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: “ಎಲ್ಲಾ ಚೆನ್ನಾಗದೆ. ಪಂಕ್ತಿ ಎಷ್ಟೊತ್ತಿಗೆ?”

೨. ಕಾರಣ ಒಬ್ಬರೇ

ಊರಿಂದ ವಾಪಸು ಬಂದ ಮೇಡಂ ನನಗೆ ಪಾಠ ಮಾಡಿದರು. “ಜನ ಕರೆದ್ರೆ ನಿಲ್ಲಲ್ಲ ಸರ್, ಹೆದರಿಸಿದ್ರೆ ನಿಲ್ತಾರೆ” ಎಂದರು. ಸರಿ, ಹೆದರಿಸೋಣ ಎಂದುಕೊಂಡೆ.

ಮುಂದಿನವರು ಇಡ್ಲಿ ಹಿಟ್ಟು ರುಬ್ಬಿ ಮಾರುವವರು. ಅವರಿಗೆ ಬರೆದೆ: ‘ನಿಮ್ಮ ಮನೆಯ ಇಡ್ಲಿ ಕಲ್ಲಾಗುವುದಕ್ಕೆ ಕಾರಣ ಒಬ್ಬರೇ. ಅವರು ನಿಮ್ಮ ಅಡುಗೆಮನೆಯಲ್ಲೇ ಇದ್ದಾರೆ.’ ಯಾರು ಎನ್ನುವುದು ಹತ್ತನೆಯ ಸೆಕೆಂಡಿಗೆ ಬರುತ್ತಿತ್ತು. ಅದು ಮಿಕ್ಸಿ. ಅದರಲ್ಲಿ ರುಬ್ಬಿದರೆ ಹಿಟ್ಟು ಬಿಸಿಯಾಗುತ್ತದೆ ಎನ್ನುವುದೇ ಗುಟ್ಟು.

ಬೆರಳುಗಳೇನೋ ನಿಂತವು. ಆದರೆ ನಿಂತ ಬೆರಳುಗಳು ಪೂರ್ತಿ ನೋಡದೆ ಮುಂದಕ್ಕೆ ಕಳಿಸತೊಡಗಿದವು. ಒಬ್ಬ ಅತ್ತೆ ಅದನ್ನು ಸೊಸೆಗೆ ಕಳಿಸಿದರು, ಒಬ್ಬ ಸೊಸೆ ಅತ್ತೆಗೆ ಕಳಿಸಿದಳು. ಇಬ್ಬರೂ ಒಂದೇ ಮನೆಯವರಂತೆ, ಹಿಟ್ಟಿನವರ ಹಳೇ ಗಿರಾಕಿಗಳೂ ಹೌದಂತೆ. ಆ ಮನೆಯಲ್ಲಿ ಇಡ್ಲಿಯ ಮಾತೇ ನಿಂತುಹೋಯಿತು. ಹಿಟ್ಟಿನವರು ನಮ್ಮ ಕಚೇರಿಗೆ ಕೈಮುಗಿದು ಹೊರಟರು.

ಅಂದು ಸಂಜೆ ನಮ್ಮ ಮನೆಯಲ್ಲಿ ಹೆಂಡತಿ ಫೋನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಯಾರ್ರೀ ಅದು, ಒಬ್ರು?” ಎಂದಳು. ಪೂರ್ತಿ ನೋಡು, ಮಿಕ್ಸಿ ಕಣೇ ಎಂದೆ. ಅವಳು ಆಗಲೇ ಒಳಗೆ ಹೋಗಿದ್ದಳು. ಮೂರು ಸೆಕೆಂಡಿನಾಚೆ ಯಾರೂ ನಿಲ್ಲುವುದಿಲ್ಲ ಎಂದು ಮೇಡಂ ಹೇಳಿದ್ದು ಸುಳ್ಳಲ್ಲ. ಆ ವಾರ ಪೂರ್ತಿ ನಮಗೆ ಮೂರು ಹೊತ್ತೂ ಉಪ್ಪಿಟ್ಟು.

೩. ‘ಬನ್ನಿ’ ಅನ್ನದ ಅಂಗಡಿ

ಮೂರನೆಯ ತಿಂಗಳ ಕೊನೆಯ ವಾರ. ಮೇಡಂ ಕರೆದು, ಇದೊಂದು ಗಿರಾಕಿ ಕೈಬಿಟ್ಟರೆ ನಾವು ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದು ಮೆಲ್ಲಗೆ ಹೇಳಿದರು. ಗಿರಾಕಿ ಯಾರೆಂದರೆ, ಚರ್ಚಿನ ಹಿಂದಿನ ಬೀದಿಯಲ್ಲಿ ಶವಪೆಟ್ಟಿಗೆ ಮಾಡುವ ಮುದುಕರೊಬ್ಬರು.

ಅಜ್ಜನ ಕಾಲದಿಂದ ಅವರದು ಅದೇ ಕಸುಬು. ಕುತ್ತಿಗೆಗೆ ಸದಾ ಅಳತೆ ಟೇಪು. ಚರ್ಚಿಗೆ ಸೇರಿದ ಹಳೇ ಮನೆಯವರೆಲ್ಲ ಹೊಸ ಬಡಾವಣೆಗಳಿಗೆ ಹೋಗಿಬಿಟ್ಟಿದ್ದರು, ಅಂಗಡಿ ಇನ್ನೂ ಇದೆಯೆಂದು ಅವರಿಗೆಲ್ಲ ತಿಳಿದರೆ ಸಾಕಾಗಿತ್ತು. ಆದರೆ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಟ್ಟರು. ಅವರ ಅಂಗಡಿಯಲ್ಲಿ ಯಾರೂ ಯಾರಿಗೂ ‘ಬನ್ನಿ’ ಅನ್ನುವುದಿಲ್ಲ. ಹೊರಡುವವರು ‘ಬರ್ತೀನಿ’ ಅನ್ನದೆ ಸುಮ್ಮನೆ ಮೆಟ್ಟಿಲಿಳಿದು ಹೋಗಬೇಕು. ಇಪ್ಪತ್ತಾರು ವರ್ಷ ಬರೀ ‘ಬನ್ನಿ’ ಬರೆದ ನನಗೆ ಕೈ ಕಟ್ಟಿದಂತಾಯಿತು.

ಮೇಡಂ ಕಲಿಸಿದ್ದನ್ನೆಲ್ಲ ಒಂದೊಂದಾಗಿ ಓದಿದೆ. ‘ಈ ಅವಕಾಶ ಮತ್ತೆ ಸಿಗದು’ ಎಂದೆ. ಮುದುಕರು ತಲೆಯಾಡಿಸಿ, ಒಂದ್ಸಲ ಸಿಕ್ಕಿದ್ರೆ ಸಾಕಲ್ವಾ ಎಂದರು. ‘ಇಂದೇ ಬುಕ್ ಮಾಡಿ’ ಎಂದೆ. ಅದೇನು ಅಷ್ಟು ಆತುರ ಎಂದರು. ‘ನಮ್ಮ ಗಿರಾಕಿಗಳು ಏನನ್ನುತ್ತಾರೆ ಕೇಳಿ’ ಎಂಬಲ್ಲಿಗೆ ಬರುವಾಗ ನಾನೇ ಕಾಗದ ಮಡಚಿದೆ.

ಕೆಲಸ ಹೋಗುವ ವಿಷಯವನ್ನು ಅವರಿಗೆ ಇದ್ದ ಹಾಗೆ ಹೇಳಿದೆ. ಅವರು ಒಂದು ಹಲಗೆ ಉಜ್ಜುತ್ತ ಕೇಳಿಸಿಕೊಂಡರು. ಆಮೇಲೆ, ಇಷ್ಟಕ್ಕೆ ಅಷ್ಟೊಂದು ಯಾಕ್ರೀ ಯೋಚ್ನೆ ಎಂದು ಬಾಗಿಲಿಗೆ ಬಂದು, ನನ್ನ ಫೋನಿನತ್ತ ಮುಖ ಮಾಡಿ ತಾವೇ ಹೇಳಿದರು: “ನಮ್ಮಂಗಡಿಗೆ ನೀವ್ಯಾರೂ ಬರೋದು ಬೇಡ ಕಣ್ರಪ್ಪಾ. ಎಲ್ರೂ ಚೆನ್ನಾಗಿರಿ. ನಾವಂತೂ ಇಲ್ಲೇ ಇದೀವಿ.”

ಆ ಸಾಲಿಗೆ ಮೈಸೂರಿನ ಬೆರಳೆಲ್ಲ ನಿಂತಿತು. ಅಂಗಡಿಗೆ ಬರಬೇಡಿ ಎನ್ನುವ ಅಂಗಡಿಯವರನ್ನು ಜನ ಕಂಡಿರಲಿಲ್ಲ. ಪೂರ್ತಿ ನೋಡಿದರು, ಮತ್ತೆ ನೋಡಿದರು, ಮನೆಮಂದಿಗೆಲ್ಲ ಕಳಿಸಿದರು. ನಮ್ಮವಳೂ ಕೊನೆಯವರೆಗೆ ನೋಡಿದಳು. ಮಾರನೆಯ ದಿನ ಇಡ್ಲಿ ಆಯಿತು.

ಮೇಡಂ ತಾವೇ ಕಾರು ಮಾಡಿಕೊಂಡು ಪೆಟ್ಟಿಗೆ ಅಂಗಡಿಗೆ ಬಂದರು. ನನ್ನ ಕೆಲಸ ಖಾಯಂ ಎಂದು ಅಲ್ಲೇ, ಪೆಟ್ಟಿಗೆಗಳ ನಡುವೆ ಹೇಳಿದರು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅವರಿಗೆ ಅಂಗಡಿಯ ಪದ್ಧತಿ ತಿಳಿಸುವುದೇ ಮರೆತುಹೋಯಿತು. ಮೇಡಂ ಮೆಟ್ಟಿಲಿಳಿಯುತ್ತ ತಿರುಗಿ ನಕ್ಕರು. “ಬರ್ತೀನಿ ಅಂಕಲ್. ಮುಂದಿನ ವಾರ ಖಂಡಿತ ಬರ್ತೀನಿ.”

ಮುದುಕರು ಕುತ್ತಿಗೆಯ ಟೇಪು ತೆಗೆದರು. ಮೇಡಮ್ಮನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

“ಆಯ್ತು ಕಣಮ್ಮ. ಅಷ್ಟು ಖಂಡಿತ ಆದ್ರೆ, ಒಂಚೂರು ನೆಟ್ಟಗೆ ನಿಂತ್ಕೊ.”

ಮೂರನೆಯ ಸೆಕೆಂಡಿಗೆ ಮೇಡಂ ಕಾರಿನೊಳಗಿದ್ದರು.