ಓಣಿಯಲ್ಲಿ ಇದ್ದದ್ದು ಇದ್ದ ಹಾಗೆ

ಟೈಲರನ ಅಂಗಡಿಗೂ ಪಕ್ಕದ ಕ್ಷೌರದಂಗಡಿಗೂ ನಡುವೆ ಬಿಸಿಲೇ ಹಾಯದ ಒಂದು ಓಣಿ. ಹೊಟ್ಟೆ ತುಂಬ ಉಂಡವನು ಓರೆಯಾಗಿ ನಡೆಯಬೇಕಾದಷ್ಟು ಅಗಲ. ಅದು ತನ್ನದೆಂದು ಇಬ್ಬರೂ ನಂಬಿದ್ದರು. ಇಬ್ಬರಿಗೂ ಅದರಿಂದ ಉಪಯೋಗವಿಲ್ಲದ್ದರಿಂದ ಸ್ನೇಹ ಚೆನ್ನಾಗಿತ್ತು. ಅವತ್ತು ಬೆಳಿಗ್ಗೆ ಕ್ಷೌರಿಕ ಓಣಿಯುದ್ದಕ್ಕೂ ಹಗ್ಗ ಕಟ್ಟಿ, ಅಂಗಡಿಯ ಟವೆಲ್ಲುಗಳನ್ನೆಲ್ಲ ಒಗೆದು, ಹಿಂಡದೆ ಹರವಿಬಿಟ್ಟ.

ಇವತ್ತು ಹಗ್ಗ, ನಾಳೆ ಗೋಡೆ ಎಂದುಕೊಂಡ ಟೈಲರ್ ಸೀದಾ ಪೊಲೀಸ್ ಠಾಣೆಗೆ ಹೋದ.

ಇನ್ಸ್‌ಪೆಕ್ಟರ್ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಹೊಡೆದ್ನಾ?"

"ಇಲ್ಲ ಸಾರ್."

"ಬೈದ್ನಾ?"

"ಟೀ ಕುಡೀತೀಯಾ ಅಂತ ಕೇಳ್ದ."

"ಜಾಗದ ತಕರಾರು ಕೋರ್ಟಿನ ಕೆಲ್ಸ. ಹೊಡೆದ ಮೇಲೆ ಬನ್ನಿ."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ತನ್ನ ಪ್ಯಾಂಟ್ ಎಲ್ಲಿಗೆ ಬಂತೆಂದು ವಿಚಾರಿಸಿದ. ಮೆಷಿನ್ ಮೇಲೇ ಇದೆ, ಸಂಜೆ ಬನ್ನಿ ಎಂದು ಟೈಲರ್ ಜಾರಿಕೊಂಡ.

ವಕೀಲರು ಕೇಳಿದ್ದು ಒಂದೇ ಮಾತು, ಜಾಗ ಯಾರ ಸ್ವಾಧೀನದಲ್ಲಿದೆ ಎಂದು. ಟೈಲರ್ ತಲೆ ಕೆರೆದುಕೊಂಡ. ಹಾಗಾದರೆ ಮೊದಲು ಹೋಗಿ ನಿಮ್ಮದೇನಾದರೂ ಅಲ್ಲಿಡಿ, ಫೋಟೊ ತೆಗೆದು ತನ್ನಿ, ಆದರೆ ಅವನ ಟವೆಲ್ ಮುಟ್ಟಿದರೆ ಅದೇ ಪೊಲೀಸ್ ಕೇಸಾಗುತ್ತದೆ ಎಂದರು ವಕೀಲರು.

"ರೀ, ಆ ಮುರುಕು ಸ್ಟೂಲ್ ಇಟ್ರೆ ಸಾಲ್ದಾ?" ಎಂದಳು ಅಂಗಡಿಯಲ್ಲಿದ್ದ ಹೆಂಡತಿ.

"ಜಡ್ಜ್ ಮುಂದೆ ಸ್ಟೂಲ್ ತೋರ್ಸಿದ್ರೆ ಮರ್ಯಾದೆ ಇರುತ್ತೇನೇ?"

ಗಾಣದೆತ್ತಿನಂತೆ ಏದುಸಿರು ಬಿಡುತ್ತ, ಅಂಗಡಿಗಿದ್ದ ಒಂದೇ ಹೊಲಿಗೆ ಮೆಷಿನ್ನನ್ನು ಅವನು ಓಣಿಗೆ ತಳ್ಳಿದ. ಸೂಜಿಯ ಕೆಳಗೆ ಹೆಡ್ ಕಾನ್‌ಸ್ಟೇಬಲ್‌ನ ಪ್ಯಾಂಟಿನ ಒಂದು ಕಾಲು ಹಾಗೇ ಇತ್ತು. ಕ್ಷೌರಿಕ ಒಬ್ಬರ ಅರ್ಧ ಮೀಸೆ ಬಿಟ್ಟು ಬಂದು ನೋಡಿದ. ಒಳಗೆ ಸೆಕೆಯೇ ಎಂದು ಮರುಕದಿಂದ ಕೇಳಿದ.

ಮಧ್ಯಾಹ್ನ ಕೋರ್ಟಿನಲ್ಲಿ ಜಡ್ಜ್ ಫೋಟೊ ನೋಡಿದರು. ಮುಂದಿನ ವಿಚಾರಣೆಯವರೆಗೆ ಓಣಿಯಲ್ಲಿರುವುದೆಲ್ಲ ಇದ್ದ ಹಾಗೇ ಇರಬೇಕು, ಯಾರೂ ಏನನ್ನೂ ಮುಟ್ಟಕೂಡದು, ಪೊಲೀಸರು ಕಾಯಬೇಕು ಎಂದು ಆಜ್ಞೆಯಾಯಿತು. ಮೆಷಿನ್ ಇದ್ದ ಹಾಗೇ ಎಂದರೆ ಜಾಗವೂ ತನ್ನದಾದ ಹಾಗೇ ಎಂದು ಟೈಲರ್ ದಾರಿಯುದ್ದಕ್ಕೂ ಮದುವೆ ಗಂಡಿನಂತೆ ಬೀಗುತ್ತ ಬಂದ.

ಓಣಿಯ ಬಾಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಹಾಕಿಕೊಂಡು ಕೂತಿದ್ದ.

"ಒಂಚೂರು ದಾರಿ ಬಿಡಿ ಸಾರ್. ಮೆಷಿನ್ ಒಳಗಿಟ್ಟು ನಿಮ್ಮ ಪ್ಯಾಂಟ್ ಮುಗಿಸ್ತೀನಿ."

"ಮುಟ್ಟಂಗಿಲ್ಲ."

"ನಿಮ್ಮ ಪ್ಯಾಂಟು ಸಾರ್."

"ನಂದೇ ಆದ್ರೂ ಮುಟ್ಟಂಗಿಲ್ಲ. ಇದ್ದ ಹಾಗೇ ಇರ್ಬೇಕು." ಆ ಮಾತನ್ನು ಅವನು ತುಂಬ ನೋವಿನಿಂದಲೇ ಹೇಳಿದ.

ಮುಂದಿನ ವಿಚಾರಣೆ ಕೋರ್ಟಿನ ರಜೆ ಮುಗಿದ ಮೇಲೆ. ರಜೆ ಇನ್ನೂ ಶುರುವೇ ಆಗಿರಲಿಲ್ಲ.

ಹೆಂಡತಿ ಒಳಗೆ ಹೋದಳು. ಮುರುಕು ಸ್ಟೂಲನ್ನು ತಂದು ಗಂಡನಿಗೆ ಕೂರಲು ಕೊಟ್ಟಳು. ಅಲ್ಲಿಗೆ ಕ್ಷೌರಿಕ ಕೈ ಒರೆಸಿಕೊಳ್ಳಲು ಏನೂ ಸಿಗದೆ, ಸೋಪಿನ ನೊರೆಯ ಕೈಗಳನ್ನು ಎತ್ತಿ ಹಿಡಿದುಕೊಂಡೇ ಬಂದ.

"ಅಣ್ಣಾ, ಬೇಜಾರು ಮಾಡ್ಕೋಬೇಡ. ನನ್ನ ಟವೆಲ್ಲೆಲ್ಲಾ ಕೋರ್ಟ್ ಹಿಡ್ಕೊಂಡಿದೆ. ಗಿರಾಕಿಗಳು ಒದ್ದೆ ಮುಖದಲ್ಲಿ ಕೂತಿದಾರೆ. ಬಟ್ಟೆ ನಾನು ತರ್ತೀನಿ, ನಾಕು ಟವೆಲ್ ಅಂಚು ಹೊಲ್ಕೊಡ್ತೀಯಾ?"

ಟೈಲರ್ ಓಣಿಯತ್ತ ಕತ್ತು ತಿರುಗಿಸಿದ. ಹಗ್ಗದ ಮೇಲಿನ ಟವೆಲ್ಲಿನಿಂದ ಒಂದು ಹನಿ ನಿಧಾನವಾಗಿ ಇಳಿದು, ಕಾನೂನಿನ ಪ್ರಕಾರ, ಅವನ ಮೆಷಿನ್ನಿನ ಮೇಲೆ ಬಿತ್ತು.