ದೊಡ್ಡಮ್ಮ ಮತ್ತು ಬೂಷ್ಟು

ನಮ್ಮ ದೊಡ್ಡಮ್ಮನ ಕಣ್ಣು ತಪ್ಪಿಸಿ ಬೂಷ್ಟು ಕಟ್ಟುವ ಧೈರ್ಯ ಇಡೀ ಯಡಿಯೂರಿನ ಯಾವ ಉಪ್ಪಿನಕಾಯಿಗೂ ಇರಲಿಲ್ಲ! ಅವರು ಕಾಯಿಲೆ ಬೀಳುವ ಮುಂಚಿನ ಕೊನೆಯ ಭಾನುವಾರವೂ ಮಾಮೂಲಿನಂತೆ ಯಡಿಯೂರಿನಿಂದ ಇಟ್ಟಮಡುವಿನ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದರು. ಅವರು ಬರುತ್ತಾರೆಂದೇ ನಾನು ಮಾವಿನಕಾಯಿ ಭರಣಿಯ ಮೇಲೆ ಕಟ್ಟಿದ್ದ ಬಿಳಿಯನ್ನು ಚಮಚದಲ್ಲಿ ಕೆರೆದು, ಎಣ್ಣೆ ಸುರಿದು, ಏನೂ ಅರಿಯದವಳಂತೆ ನಿಂತಿದ್ದೆ.

ದೊಡ್ಡಮ್ಮ ಮುಚ್ಚಳ ತೆಗೆದರು. ಮೂಸಲೂ ಇಲ್ಲ. ಒಂದು ಹೋಳನ್ನು ಬೆರಳಲ್ಲಿ ಒತ್ತಿದರು.

"ಕೆರೆದು ಬಿಸಾಕಿದ್ದೀಯ. ಬೆಳಗ್ಗೆನಾ?"

"ಎಲ್ಲಿ ಬೂಷ್ಟು ದೊಡ್ಡಮ್ಮ? ತೋರ್ಸಿ ನೋಡೋಣ!"

"ಕಳ್ಳನ್ನ ಯಾಕೆ ಹುಡುಕ್ತೀಯೇ? ಬೀದಿ ನಾಯಿ ಯಾವ ಕಡೆ ಬೊಗಳ್ತಿದೆ ನೋಡು. ಹೋಳು ಮೆತ್ತಗಾಗಿದೆ, ರಸ ನೊರೆ ಎದ್ದಿದೆ. ಅಷ್ಟು ಸಾಕು."

ಇದು ಅವರ ಶಾಸ್ತ್ರ. ಮನೆತನದ ರಾಗಿ ಹೊಲ ಸೈಟುಗಳಾಗಿ, ಅವುಗಳಲ್ಲೊಂದರಲ್ಲಿ ಅವರ ಮೂರಂತಸ್ತಿನ ಮನೆ ಎದ್ದ ಮೇಲೆ ಬಾಡಿಗೆದಾರರ ಅಡುಗೆಮನೆಗಳೂ ಅವರ ಸುಪರ್ದಿಗೆ ಬಂದವು. ಮೇಲಿನ ಮನೆಯ ಟೀಚರ್, "ಫ್ರಿಜ್ಜಲ್ಲಿಟ್ಟಿದೀನಿ ಆಂಟಿ, ಏನೂ ಆಗಲ್ಲ" ಎಂದಾಗ, "ಫ್ರಿಜ್ಜೇನು ಪೊಲೀಸ್ ಸ್ಟೇಷನ್ನಾ ತಾಯಿ?" ಎಂದು ಉಪ್ಪಿನಕಾಯಿ ಡಬ್ಬಿ ತೆಗೆಸಿದ್ದರು. ಒಳಗೆ ನೊರೆ ಇತ್ತೆಂದು ಬೇರೆ ಹೇಳಬೇಕೆ?

ಆ ಭಾನುವಾರ ಕಳೆದು ಸೋಮವಾರವೇ ದೊಡ್ಡಮ್ಮನಿಗೆ ಜ್ವರ ಬಂತು. ಮೊದಲೇ ಸಕ್ಕರೆ ಕಾಯಿಲೆ. ಆಸ್ಪತ್ರೆಗೆ ಸೇರಿಸಿದರೂ ಜ್ವರ ಯಾವ ಔಷಧಿಗೂ ಜಗ್ಗಲಿಲ್ಲ. ರಕ್ತಕ್ಕೆ ಫಂಗಸ್ ಸೇರಿರಬಹುದೆಂದು ಡಾಕ್ಟರಿಗೆ ಅನುಮಾನ; ಆದರೆ ರಕ್ತವನ್ನು ಲ್ಯಾಬಿನಲ್ಲಿಟ್ಟು ಕಾದರೆ ಏನೂ ಬೆಳೆಯಲಿಲ್ಲ.

"ಫಂಗಸ್ ಅಂದ್ರೆ ಏನೇ?" ದೊಡ್ಡಮ್ಮ ಕೇಳಿದರು.

"ಬೂಷ್ಟು."

"ನನಗಾ?" ಜೀವಮಾನದಲ್ಲಿ ಅಂಥ ಅವಮಾನ ಅವರಿಗೆ ಆಗಿರಲಿಲ್ಲ!

ಮರುದಿನ ಇನ್ನೊಬ್ಬ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಒಪ್ಪಿಗೆ ಪತ್ರ ಹಿಡಿದು ಬಂದರು. "ಅಮ್ಮಾ, ಫಂಗಸ್ ಬೇಗ ಕೈಗೆ ಸಿಗಲ್ಲ. ಆದ್ರೆ ರಕ್ತದಲ್ಲಿ ಕಾವಲು ಕಣಗಳಿರ್ತವೆ. ಫಂಗಸ್ ಬಂದ್ರೆ ಅವುಗಳಲ್ಲಿ ಏನೋ ಗುರುತು ಮೂಡುತ್ತೆ. ಅದನ್ನ ನೋಡಿ ಕಾಯಿಲೆ ಕಂಡುಹಿಡಿಯೋಕಾಗುತ್ತಾ ಅಂತ ಸಂಶೋಧನೆ ಮಾಡ್ತಿದೀವಿ. ಸ್ವಲ್ಪ ರಕ್ತ ಕೊಡ್ತೀರಾ? ನಿಮಗೆ ಈಗ್ಲೇ ಉಪಯೋಗ ಆಗಲ್ಲ."

ದೊಡ್ಡಮ್ಮ ದಿಂಬು ಬಿಟ್ಟು ಎದ್ದು ಕೂತರು. "ನಾಯಿ ಬೊಗಳೋದು ಕೇಳಿಸ್ಕೋತೀವಿ ಅನ್ನಿ! ಇದಕ್ಕೆ ಇಷ್ಟು ವರ್ಷ ಓದ್ಬೇಕಿತ್ತಾ? ನಮ್ಮನೆಗೆ ಬಂದಿದ್ರೆ ಭರಣಿ ತೆಗೆದು ಹೇಳ್ಕೊಡ್ತಿದ್ದೆ." ಹೇಳುತ್ತಲೇ ತೋಳು ಚಾಚಿದರು. ಆ ಡಾಕ್ಟರ್ ಗೊತ್ತಾಗದೆ ನನ್ನ ಮುಖ ನೋಡಿದರು. ನಾನು ನಾಯಿಯ ಕಥೆ ಹೇಳಿದೆ. ಅವರು ನಕ್ಕು, ಅದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರು.

ಎರಡನೇ ಸಲ ಲ್ಯಾಬಿನಲ್ಲಿಟ್ಟ ರಕ್ತದಲ್ಲಿ ಫಂಗಸ್ ಬೆಳೆಯಿತು. ಅದರ ಔಷಧಿ ಶುರುವಾಯಿತು. ಆರನೇ ದಿನ ದೊಡ್ಡಮ್ಮ ತೀರಿಹೋದರು.

ಎಷ್ಟೋ ತಿಂಗಳ ಮೇಲೆ ಆ ಡಾಕ್ಟರ್ ಫೋನ್ ಮಾಡಿದರು. "ಅವತ್ತು ಕೊಟ್ಟ ರಕ್ತದಲ್ಲೇ ಗುರುತಿತ್ತು ಮೇಡಂ. ನಾಯಿಗಳು ಬೊಗಳಿದ್ವು. ಕೇಳಿಸ್ಕೊಳ್ಳೋದನ್ನ ನಾವಿನ್ನೂ ಕಲೀತಿದೀವಿ."

ಈ ವರ್ಷದ ಮಾವಿನಕಾಯಿ ನಾನೇ ಹಾಕಿದೆ. ಮುಚ್ಚಳ ತೆಗೆದು ಹೋಳು ಒತ್ತಿ ನೋಡುತ್ತೇನೆ. ಗಟ್ಟಿಯಿದೆಯೋ, ಮೆತ್ತಗಾಗಿದೆಯೋ ತಿಳಿಯುವುದಿಲ್ಲ. ಕೇಳೋಣವೆಂದರೆ ದೊಡ್ಡಮ್ಮ ಇಲ್ಲ.